ದಿನಾ 60 ಕಿ.ಮೀ. ಓಡಾಟ, ಅಪಾರ್ಟ್‌ಮೆಂಟ್ ವಾಸ: ಎಲೆಕ್ಟ್ರಿಕ್ ಕಾರು ತಗೋಬಹುದಾ?

ಕೆಂಗೇರಿ_ಪಯಣಿಗ:
ಎಲ್ಲರಿಗೂ ನಮಸ್ಕಾರ. ನಾನು ಕೆಂಗೇರಿ ಉಪನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುತ್ತೇನೆ. ನೈಸ್ ರಸ್ತೆ ಹಿಡಿದರೆ ಹೋಗಿ ಬರೋಕೆ ಸುಮಾರು 60 ಕಿ.ಮೀ. ಈಗಿರುವುದು 11 ವರ್ಷದ ಪೆಟ್ರೋಲ್ ಕಾರು. ಲೀಟರ್‌ಗೆ 14 ಕೊಟ್ಟರೆ ಅದೇ ಜಾಸ್ತಿ. ಪೆಟ್ರೋಲ್ 102 ದಾಟಿ ಎಷ್ಟೋ ಕಾಲವಾಯಿತು. ತಿಂಗಳಿಗೆ ಒಂಬತ್ತೂವರೆ ಸಾವಿರ ಬರೀ ಪೆಟ್ರೋಲ್ ಬಂಕಿಗೇ ಹೋಗುತ್ತಿದೆ.

ಎಲೆಕ್ಟ್ರಿಕ್ ಕಾರು ತಗೊಳ್ಳೋಣ ಅಂತ ಆರು ತಿಂಗಳಿಂದ ಯೋಚನೆ ಮಾಡುತ್ತಿದ್ದೇನೆ. ಆದರೆ ಮೂರು ವಿಷಯಕ್ಕೆ ಮನಸ್ಸು ಹಿಂದೆ ಸರಿಯುತ್ತಿದೆ. ನಮ್ಮದು 36 ಮನೆಗಳ ಹಳೇ ಅಪಾರ್ಟ್‌ಮೆಂಟ್. ಕೆಳಗೆ ಪಾರ್ಕಿಂಗ್‌ನಲ್ಲಿ ಒಂದು ಪ್ಲಗ್ ಪಾಯಿಂಟ್ ಕೂಡ ಇಲ್ಲ. ಎರಡನೆಯದು, ಅಪ್ಪ ಅಮ್ಮ ತಿಪಟೂರು ಹತ್ತಿರದ ಹಳ್ಳಿಯಲ್ಲಿದ್ದಾರೆ. ಇಲ್ಲಿಂದ 150 ಕಿ.ಮೀ. ಅಪ್ಪನಿಗೆ 74 ವರ್ಷ. ರಾತ್ರಿ ಫೋನ್ ಬಂದರೆ ತಕ್ಷಣ ಹೊರಡಬೇಕು. ಮೂರನೆಯದು ಬ್ಯಾಟರಿ ಎಷ್ಟು ವರ್ಷ ಬರುತ್ತದೆ ಅನ್ನೋದು.

ಶೋರೂಮಿನವರು ಎಲ್ಲದಕ್ಕೂ ‘ಏನೂ ತೊಂದರೆ ಇಲ್ಲ ಸರ್’ ಅನ್ನುತ್ತಾರೆ. ನಮ್ಮ ಮನೆಯವರು ಮಾತ್ರ ‘ಮಗು ಜೊತೆ ದಾರಿ ಮಧ್ಯೆ ನಿಂತರೆ ಏನು ಮಾಡೋದು’ ಅಂತ ಕೇಳುತ್ತಾರೆ. ಓಡಿಸುತ್ತಿರುವವರ ಬಾಯಿಂದಲೇ ಕೇಳಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ.

ಮೈಸೂರು_ಟೀಚರ್:
ನಮಸ್ಕಾರ ಸರ್. ನಾನು ಮೈಸೂರಿನ ವಿಜಯನಗರದಿಂದ ನಂಜನಗೂಡಿನ ಶಾಲೆಗೆ ಮೂರು ವರ್ಷದಿಂದ ಎಲೆಕ್ಟ್ರಿಕ್ ಕಾರಿನಲ್ಲೇ ಹೋಗುತ್ತಿದ್ದೇನೆ. ಹೆಚ್ಚುಕಡಿಮೆ ನಿಮ್ಮಷ್ಟೇ ದೂರ, ದಿನಕ್ಕೆ 56 ಕಿ.ಮೀ. ಬ್ಯಾಟರಿ 24 ಯೂನಿಟ್ ಕರೆಂಟ್ ಹಿಡಿಯುವಂಥದ್ದು. ಕಾಗದದ ಮೇಲೆ ಒಂದು ಚಾರ್ಜ್‌ಗೆ 300 ಕಿ.ಮೀ. ದಾಟುತ್ತದೆ. ಎಸಿ ಹಾಕಿಕೊಂಡು ಸಹಜವಾಗಿ ಓಡಿಸಿದರೆ ನನಗೆ 190ರಿಂದ 200 ಸಿಗುತ್ತದೆ. ನೀವು ಕೊಳ್ಳುವಾಗಲೂ ಕಂಪನಿ ಹೇಳುವ ಅಂಕಿಯ ಮೂರನೇ ಎರಡು ಭಾಗವನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳಿ.

ನನ್ನದು ಸ್ವಂತ ಮನೆ. ಗೇಟಿನ ಪಕ್ಕ ಒಂದು 15 ಆಂಪ್ಸ್ ಪಾಯಿಂಟ್ ಹಾಕಿಸಿದೆ, ಅಷ್ಟೇ. ಗಂಟೆಗೆ ಎರಡೂವರೆ, ಮೂರು ಯೂನಿಟ್ ತಗೊಳ್ಳುತ್ತದೆ. ಒಂದು ದಿನದ ಓಡಾಟ ತುಂಬಿಕೊಳ್ಳೋಕೆ ಮೂರೂವರೆ ಗಂಟೆ ಸಾಕು. ರಾತ್ರಿ ಊಟ ಆದ ಮೇಲೆ ಪ್ಲಗ್ ಹಾಕಿ ಬಂದು ಮಲಗುತ್ತೇನೆ. ದಿನ ಬಿಟ್ಟು ದಿನ ಹಾಕಿದರೂ ನಡೆಯುತ್ತದೆ.

ಬ್ಯಾಟರಿ ಬಗ್ಗೆ ಕೇಳಿದ್ದೀರಿ. ನನ್ನದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಬ್ಯಾಟರಿ. ಇದನ್ನು ಆಗಾಗ ಶೇ. 100ರವರೆಗೆ ತುಂಬಿಸಬೇಕು, ಆಗ ಒಳಗಿನ ಸೆಲ್‌ಗಳು ಸಮನಾಗುತ್ತವೆ ಅಂತ ಸರ್ವಿಸ್‌ನವರು ಹೇಳಿದ್ದಾರೆ. ಹಾಗಾಗಿ ಭಾನುವಾರ 100, ಉಳಿದ ದಿನ 80. ಮೂರು ವರ್ಷದಲ್ಲಿ 41,000 ಕಿ.ಮೀ. ಓಡಿದೆ. ಒಂದು ಚಾರ್ಜ್‌ಗೆ ಸಿಗುವ ದೂರದಲ್ಲಿ ನನ್ನ ಕಣ್ಣಿಗೆ ಕಾಣುವಷ್ಟು ಇಳಿತ ಇಲ್ಲ. ಬ್ಯಾಟರಿಗೆ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ. ಇದೆ.

ಒಂದು ಸಲ ಮಾತ್ರ ಕೈ ಕೊಟ್ಟಿತು. ದೊಡ್ಡ ಬ್ಯಾಟರಿ 70 ತೋರಿಸುತ್ತಿದ್ದರೂ ಬೆಳಿಗ್ಗೆ ಕಾರು ಏಳಲೇ ಇಲ್ಲ. ಆಮೇಲೆ ಗೊತ್ತಾಯಿತು, ಇದರಲ್ಲೂ ಮಾಮೂಲಿ 12 ವೋಲ್ಟ್‌ನ ಸಣ್ಣ ಬ್ಯಾಟರಿ ಇರುತ್ತದೆ. ಬಾಗಿಲು, ದೀಪ, ಕಂಪ್ಯೂಟರ್ ಎಲ್ಲಾ ಅದರ ಮೇಲೆ. ಅದು ಸತ್ತರೆ ಕಾರು ಎಚ್ಚರವಾಗುವುದಿಲ್ಲ. ಅದನ್ನು ವರ್ಷಕ್ಕೊಮ್ಮೆ ಚೆಕ್ ಮಾಡಿಸಿ.

ಏರ್‌ಪೋರ್ಟ್_ಹಸಿರುಬೋರ್ಡ್:
ಸರ್, ನಾನು ಟ್ಯಾಕ್ಸಿ ಓಡಿಸುತ್ತೇನೆ. ಹಸಿರು ಬೋರ್ಡ್, ಹಳದಿ ಅಕ್ಷರ. ದಿನಕ್ಕೆ 220, 250 ಕಿ.ಮೀ. ಆಗುತ್ತದೆ. ಟೀಚರ್ ಮೇಡಂ ಹೇಳಿದ್ದು ಅವರಿಗೆ ನಿಜ. ಆದರೆ ಅವರ ಮನೆ ಗೇಟಿನ ಪಕ್ಕ ಪಾಯಿಂಟ್ ಇದೆ. ನನಗೆ ಇಲ್ಲ. ಆ ಒಂದು ಪಾಯಿಂಟ್‌ನಿಂದ ಇಡೀ ಲೆಕ್ಕವೇ ಬೇರೆಯಾಗುತ್ತದೆ, ಅದನ್ನು ಹೇಳೋಣ ಅಂತ ಬರೆಯುತ್ತಿದ್ದೇನೆ.

ನಾನಿರುವುದು ಹೆಬ್ಬಾಳದ ಕಡೆ ಬಾಡಿಗೆ ರೂಮಿನಲ್ಲಿ. ಕಾರು ಬೀದಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಎಲ್ಲಾ ಚಾರ್ಜಿಂಗ್ ಹೊರಗೇ. ಮನೆಯಲ್ಲಿ ಯೂನಿಟ್‌ಗೆ 7 ರೂಪಾಯಿ ಬೀಳುವ ಕರೆಂಟ್ ಫಾಸ್ಟ್ ಚಾರ್ಜರ್‌ನಲ್ಲಿ ನನಗೆ ಜಿಎಸ್‌ಟಿ ಸೇರಿ 20, 22 ಬೀಳುತ್ತದೆ. ಕಿಲೋಮೀಟರಿಗೆ 3 ರೂಪಾಯಿ ಆಯಿತು. ಪೆಟ್ರೋಲ್‌ಗಿಂತ ಕಡಿಮೆಯೇ. ಆದರೆ ನನ್ನ ಸಮಯಕ್ಕೂ ಬೆಲೆ ಇದೆಯಲ್ವಾ.

ರಾತ್ರಿ 11 ಗಂಟೆಗೆ ಹೋದರೆ ನನ್ನಂಥವರು ಆರು ಜನ ಸಾಲಿನಲ್ಲಿರುತ್ತಾರೆ. ಎರಡು ಗನ್ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಹಿಡಿ) ಇರುವ ಕಡೆ ಒಂದು ಕೆಟ್ಟಿರುತ್ತದೆ. ಮೆಷಿನ್ ಮೇಲೆ 60 ಕಿಲೋವ್ಯಾಟ್ ಅಂತ ಬರೆದಿದ್ದರೂ ಎರಡು ಕಾರು ಒಟ್ಟಿಗೆ ನಿಂತರೆ ತಲಾ 30ಕ್ಕೆ ಇಳಿಯುತ್ತದೆ. ಒಂದೊಂದು ಕಂಪನಿಗೆ ಒಂದೊಂದು ಆ್ಯಪ್, ಒಂದೊಂದು ವಾಲೆಟ್. ನನ್ನ ಫೋನಿನಲ್ಲಿ ಒಂಬತ್ತು ಆ್ಯಪ್ ಇವೆ. ಎಲ್ಲಾ ಸೇರಿ ಸಾವಿರ ರೂಪಾಯಿ ಆ ವಾಲೆಟ್‌ಗಳಲ್ಲೇ ಕೂತಿದೆ. ಒಂದು ಸಲ ಗನ್ ಹಾಕಿ ದುಡ್ಡು ಕಟ್ ಆಯಿತು, ಕರೆಂಟ್ ಬರಲಿಲ್ಲ. ವಾಪಸ್ ಬರೋಕೆ ಹನ್ನೆರಡು ದಿನ ಹಿಡಿಯಿತು. ಅದೇ ದುಡ್ಡಿನಲ್ಲಿ ಅವತ್ತು ಇನ್ನೊಂದು ಕಡೆ ಚಾರ್ಜ್ ಮಾಡಿ ಬಾಡಿಗೆ ಹಿಡಿಯಬಹುದಿತ್ತು.

ಟ್ರಾಫಿಕ್ಕಿನಲ್ಲಿ ಮಾತ್ರ ಈ ಕಾರಿಗೆ ಸಮ ಇಲ್ಲ. ಸಿಲ್ಕ್ ಬೋರ್ಡ್‌ನಲ್ಲಿ ಮುಕ್ಕಾಲು ಗಂಟೆ ನಿಂತರೂ ಎಸಿಗೆ ಹೋಗೋದು ಒಂದು ಯೂನಿಟ್ ಒಳಗೆ. ಕ್ಲಚ್ ಇಲ್ಲ. ಮೊದಲು ಡೀಸೆಲ್ ಓಡಿಸುವಾಗ ರಾತ್ರಿ ಎಡ ಮಂಡಿ ಹಿಡಿದುಕೊಂಡು ಮಲಗುತ್ತಿದ್ದೆ. ಈಗ ಆ ನೋವು ಹೋಗಿದೆ.

ನಿಮಗೆ ನನ್ನ ಮಾತು ಇಷ್ಟೇ: ಮೊದಲು ಪಾರ್ಕಿಂಗ್‌ನಲ್ಲಿ ಪಾಯಿಂಟ್, ಆಮೇಲೆ ಕಾರಿನ ಬುಕಿಂಗ್.

ಜಯನಗರ_ತಾತ:
ಮಕ್ಕಳೇ, ನಾನು ಎಲೆಕ್ಟ್ರಿಕ್ ಕಾರು ಓಡಿಸಲು ಶುರುಮಾಡಿದಾಗ ನಿಮ್ಮಲ್ಲಿ ಕೆಲವರು ಶಾಲೆಯಲ್ಲಿದ್ದಿರಬೇಕು. ನನ್ನದು ರೇವಾ. ನಮ್ಮ ಬೆಂಗಳೂರಿನಲ್ಲೇ ಚೇತನ್ ಮೈನಿ ಅವರು ಕಟ್ಟಿದ ಕಾರು, 2001ರಲ್ಲಿ ರಸ್ತೆಗೆ ಬಂತು. ಲಂಡನ್ನಿನಲ್ಲಿ ಅದನ್ನೇ ಜಿ-ವಿಜ್ ಅಂತ ಮಾರಿದರು. ಆಮೇಲೆ 2010ರಲ್ಲಿ ಮಹೀಂದ್ರಾದವರು ಆ ಕಂಪನಿಯನ್ನು ತೆಗೆದುಕೊಂಡರು.

ಅದರಲ್ಲಿ ಇದ್ದದ್ದು ಲೆಡ್ ಆಸಿಡ್ ಬ್ಯಾಟರಿ. ಮನೆಯ ಇನ್ವರ್ಟರ್‌ಗೆ ಹಾಕುತ್ತೀರಲ್ಲ, ಆ ಜಾತಿಯದು. 80 ಕಿ.ಮೀ. ಅಂತ ಹೇಳುತ್ತಿದ್ದರು. ನನಗೆ ಹೊಸದರಲ್ಲಿ 60 ಸಿಗುತ್ತಿತ್ತು, ಎರಡು ವರ್ಷ ಆದ ಮೇಲೆ 40. ಮೂರು ವರ್ಷಕ್ಕೊಮ್ಮೆ ಬ್ಯಾಟರಿ ಬದಲಾಯಿಸಬೇಕಾಯಿತು. ಈಗ ಎಂಟು ವರ್ಷ ವಾರಂಟಿ ಕೊಡುತ್ತಾರೆ ಅಂದಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ.

ಜಯನಗರ 4ನೇ ಬ್ಲಾಕಿನಿಂದ ಮಲ್ಲೇಶ್ವರದ ಕಚೇರಿಗೆ ಒಂಬತ್ತು ವರ್ಷ ಅದರಲ್ಲೇ ಓಡಾಡಿದೆ. ಒಂದು ದಿನವೂ ದಾರಿಯಲ್ಲಿ ನಿಂತಿಲ್ಲ. ಯಾಕೆಂದರೆ ನನ್ನ ದಾರಿ ನನಗೆ ಗೊತ್ತಿತ್ತು, ಹೋಗಿ ಬಂದು 18 ಕಿ.ಮೀ. ಕಾಂಪೌಂಡಿನ ಒಳಗೆ ಪಾರಿಜಾತದ ಗಿಡದ ಕೆಳಗೆ ಒಂದು 15 ಆಂಪ್ಸ್ ಪಾಯಿಂಟ್ ಇತ್ತು. ಅದೇ ಪಾಯಿಂಟ್‌ಗೆ ಈಗ ಸೊಸೆಯ ಹೊಸ ಕಾರು ಚಾರ್ಜ್ ಆಗುತ್ತದೆ. ವೈರ್ ಮಾತ್ರ ಹೊಸದು ಎಳೆಸಿದ್ದೇವೆ.

ತಿಪಟೂರಿಗೆ ಹೋಗುವುದಿದೆ ಅಂದಿದ್ದೀಯಪ್ಪ. ಒಂದು ಸಲ ಯಾರದ್ದಾದರೂ ಕಾರು ಕೇಳಿ ತೆಗೆದುಕೊಂಡು ಹೋಗಿ ಬಾ. ಕೊಳ್ಳುವ ಮೊದಲೇ ನಿನ್ನ ದಾರಿ ಪರಿಚಯವಾಗಲಿ.

ಕೆಂಗೇರಿ_ಪಯಣಿಗ:
ತಾತ, ನಿಮ್ಮ ಮಾತು ಮನಸ್ಸಿಗೆ ಹಿಡಿಸಿತು. ಆಫೀಸಿನ ಗೆಳೆಯನೊಬ್ಬ 30 ಯೂನಿಟ್ ಬ್ಯಾಟರಿಯ ಕಾರು ಕೊಡುತ್ತೇನೆ ಅಂದಿದ್ದಾನೆ. ಈ ಶನಿವಾರ ಊರಿಗೆ ಹೋಗಿ ಬಂದು ಬರೆಯುತ್ತೇನೆ.

ಕೆಂಗೇರಿ_ಪಯಣಿಗ (ಸೋಮವಾರ):
ಹೋಗಿ ಬಂದೆ. ಆದದ್ದು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ 6ಕ್ಕೆ 100 ತುಂಬಿಸಿಕೊಂಡು ಹೊರಟೆವು. ನೆಲಮಂಗಲ, ತುಮಕೂರು, ಗುಬ್ಬಿ ದಾಟಿ ಊರು ಮುಟ್ಟುವಾಗ 31 ಉಳಿದಿತ್ತು. ಹೆದ್ದಾರಿಯಲ್ಲಿ 75ರ ಮೇಲೆ ಹೋಗಲಿಲ್ಲ. ಅಲ್ಲಿಯವರೆಗೆ ಎಲ್ಲಾ ಸರಿ. ಕೊಟ್ಟಿಗೆ ಪಕ್ಕದ ಮೋಟರ್ ಪಾಯಿಂಟ್‌ಗೆ ಚಾರ್ಜರ್ ಹಾಕಿದೆ. ಡಬ್ಬಿ ಮೇಲೆ ಕೆಂಪು ದೀಪ. ತೆಗೆದು ಮತ್ತೆ ಹಾಕಿದೆ, ಕೆಂಪು. ಅಡುಗೆಮನೆಯ ಮಿಕ್ಸಿ ಪಾಯಿಂಟ್‌ನಿಂದ ಎಕ್ಸ್‌ಟೆನ್ಷನ್ ಎಳೆದೆ, ಅದೂ ಕೆಂಪು. ಅಮ್ಮ ಒಲೆ ಮುಂದಿನ ಕೆಲಸ ಬಿಟ್ಟು ಬಂದು ‘ಕರೆಂಟ್ ಇದೆಯಲ್ಲೋ, ಫ್ಯಾನ್ ತಿರುಗ್ತಿದೆ’ ಅಂದರು. ಫ್ಯಾನ್ ತಿರುಗುತ್ತಿತ್ತು. ಕಾರಿಗೆ ಮಾತ್ರ ಬೇಡವಾಗಿತ್ತು.

ಗೆಳೆಯನಿಗೆ ಫೋನ್ ಮಾಡಿದೆ. ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್) ಸರಿ ಇಲ್ಲದಿದ್ದರೆ ಚಾರ್ಜರ್ ಹಾಗೆ ಮಾಡುತ್ತದೆ ಅಂದ. ಕೊನೆಗೆ ಚಿಕ್ಕಪ್ಪನ ಕೊಬ್ಬರಿ ಎಣ್ಣೆ ಮಿಲ್ ನೆನಪಾಯಿತು. ಅಲ್ಲಿ ತ್ರೀ ಫೇಸ್ ಇದೆ, ಅರ್ಥಿಂಗ್ ಗಟ್ಟಿ. ಪ್ಲಗ್ ಹಾಕಿದ ತಕ್ಷಣ ಹಸಿರು ದೀಪ ಬಂತು. ರಾತ್ರಿ ಕಾರು ಮಿಲ್‌ನಲ್ಲಿ, ನಾವು ಮನೆಯಲ್ಲಿ. ಬೆಳಿಗ್ಗೆ 100 ಆಗಿತ್ತು.

ಅಪ್ಪನಿಗೆ ಒಂಥರಾ ಬೇಜಾರಾಯಿತು. ಮಗ ಬಂದರೆ ಕಾರು ನಿಲ್ಲಿಸೋಕೆ ಸಹ ಬೇರೆಯವರ ಮನೆಗೆ ಹೋಗಬೇಕಾ ಅಂತ. ಇದಕ್ಕೆ ಪರಿಹಾರ ಏನು, ದಯವಿಟ್ಟು ತಿಳಿದವರು ಹೇಳಿ.

ವೈರಿಂಗ್_ಕೆಲಸ_ಹಾಸನ:
ಸರ್, ನಾನು ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಈಚೆಗೆ ನನಗೆ ಬರುವ ಕರೆಗಳಲ್ಲಿ ನಿಮ್ಮಂಥ ಕೆಂಪು ದೀಪದ ಕೇಸುಗಳೇ ಜಾಸ್ತಿ. ಸಮಾಧಾನವಾಗಿ ಓದಿ.

ಹಳೇ ಮನೆಗಳಲ್ಲಿ ಪ್ಲಗ್‌ನ ಮೇಲಿನ ದಪ್ಪ ತೂತಿಗೆ ವೈರೇ ಬಂದಿರುವುದಿಲ್ಲ. ಬಂದಿದ್ದರೂ ಹೊರಗೆ ಮಣ್ಣಿನಲ್ಲಿ ಹೂತ ಪೈಪು ತುಕ್ಕು ಹಿಡಿದಿರುತ್ತದೆ. ಫ್ಯಾನು, ಮಿಕ್ಸಿ ಅದನ್ನು ಕೇಳುವುದಿಲ್ಲ. ಕಾರಿನ ಚಾರ್ಜರ್ ಮೊದಲು ಅದನ್ನೇ ನೋಡುತ್ತದೆ. ಅದು ಕೊಡುವ ಕೆಂಪು ದೀಪ ನಿಮ್ಮ ಜೀವ ಕಾಯುವುದಕ್ಕೆ.

ಮನೆಯ ಹತ್ತಿರ, ತೇವ ಇರುವ ಜಾಗದಲ್ಲಿ, ಏಳೆಂಟು ಅಡಿ ಗುಂಡಿ ತೆಗೆಸಿ. ಬಚ್ಚಲ ನೀರು ಹೋಗುವ ಬಾಳೆಗಿಡದ ಹತ್ತಿರ ಆದರೆ ಒಳ್ಳೆಯದು. ಜಿಐ ಪೈಪ್ ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ಹಾಕುತ್ತಾ ಮೇಲೆ ಬನ್ನಿ. ಅಲ್ಲಿಂದ ನೇರ ಕಾರಿನ ಪಾಯಿಂಟ್‌ಗೆ ಪ್ರತ್ಯೇಕ ಅರ್ಥ್ ವೈರ್ ಎಳೆಸಿ. ಆಮೇಲೆ ನ್ಯೂಟ್ರಲ್‌ಗೂ ಅರ್ಥ್‌ಗೂ ಮೀಟರ್ ಇಟ್ಟು ನೋಡಲು ಹೇಳಿ. 2, 3 ವೋಲ್ಟ್ ಒಳಗೆ ಇದ್ದರೆ ನೆಮ್ಮದಿ. ನಾನು ಹಳ್ಳಿಗಳಲ್ಲಿ 30 ತೋರಿಸಿದ್ದನ್ನೂ ನೋಡಿದ್ದೇನೆ.

ಇನ್ನೊಂದು ಮಾತು, ಕೈ ಮುಗಿದು ಹೇಳುತ್ತೇನೆ. ಕೆಲವರು ಪ್ಲಗ್ ಒಳಗೇ ನ್ಯೂಟ್ರಲ್ಲನ್ನೂ ಅರ್ಥನ್ನೂ ಒಂದು ತುಂಡು ವೈರಿನಿಂದ ಸೇರಿಸಿ ಚಾರ್ಜರ್‌ಗೆ ಮೋಸ ಮಾಡುತ್ತಾರೆ. ಹಸಿರು ದೀಪ ಬರುತ್ತದೆ. ಆದರೆ ಮಳೆಗಾಲದಲ್ಲಿ ಎಲ್ಲೋ ನ್ಯೂಟ್ರಲ್ ಕಿತ್ತುಹೋದರೆ ಕಾರಿನ ಲೋಹದ ಮೈಗೇ 230 ವೋಲ್ಟ್ ಬಂದು ಕೂರುತ್ತದೆ. ಬಾಗಿಲು ಮುಟ್ಟಿದ ಮಗುವಿನ ಗತಿ ಏನು? ಯಾರೇ ಹಾಗೆ ಮಾಡಿಕೊಡುತ್ತೇನೆ ಅಂದರೂ ಬೇಡ ಅನ್ನಿ.

ಅಪಾರ್ಟ್‌ಮೆಂಟ್ ವಿಷಯ. ನಿಮ್ಮ ಮನೆಯ ಮೀಟರ್‌ನಿಂದಲೇ ಪಾರ್ಕಿಂಗ್‌ಗೆ ಕೇಬಲ್ ಎಳೆಯಬಹುದು. ಮನೆಯ ಈಗಿನ ಕನೆಕ್ಷನ್‌ನಿಂದಲೇ ಕಾರು ಚಾರ್ಜ್ ಮಾಡಿಕೊಳ್ಳಬಹುದು ಅಂತ ಕೇಂದ್ರದ ವಿದ್ಯುತ್ ಸಚಿವಾಲಯ 2022ರ ಜನವರಿಯ ಮಾರ್ಗಸೂಚಿಯಲ್ಲೇ ಹೇಳಿದೆ. ದೂರ 30, 40 ಮೀಟರ್ ಇದ್ದರೆ 6 ಎಂಎಂ ತಾಮ್ರದ ಕೇಬಲ್ ಹಾಕಿಸಿ. ಸಣ್ಣ ವೈರಾದರೆ ಬಿಸಿಯಾಗುತ್ತದೆ, ವೋಲ್ಟೇಜೂ ಬೀಳುತ್ತದೆ. ಜೊತೆಗೆ ಪ್ರತ್ಯೇಕ 20 ಆಂಪ್ಸ್ ಎಂಸಿಬಿ (ಲೋಡ್ ಮೀರಿದರೆ ಕರೆಂಟ್ ಕಡಿಯುವ ಸ್ವಿಚ್), 30 ಮಿಲಿ ಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿಯುವ ಸ್ವಿಚ್). ಸಾಕೆಟ್‌ಗೆ ದುಡ್ಡು ಉಳಿಸಬೇಡಿ. ಗೀಸರ್ ಅರ್ಧ ಗಂಟೆ ಓಡಿ ನಿಲ್ಲುತ್ತದೆ. ಕಾರು ಎಂಟು ಗಂಟೆ ಒಂದೇ ಸಮನೆ ಎಳೆಯುತ್ತದೆ. ಅಗ್ಗದ ಸಾಕೆಟ್ ಒಂದು ತಿಂಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ. ಇಂಡಸ್ಟ್ರಿಯಲ್ ಸಾಕೆಟ್ ಹಾಕಿಸಿ.

ನಿಮ್ಮ ಸ್ಯಾಂಕ್ಷನ್ ಲೋಡ್, ಅಂದರೆ ಮನೆಗೆ ಮಂಜೂರಾದ ಕರೆಂಟಿನ ಮಿತಿ, ಎಷ್ಟಿದೆ ಅಂತ ಬಿಲ್ಲಿನಲ್ಲಿ ನೋಡಿ. 3 ಕಿಲೋವ್ಯಾಟ್ ಇದ್ದರೆ ಗೀಸರ್, ಕಾರು ಒಟ್ಟಿಗೆ ಆಗಲ್ಲ. 5ಕ್ಕೆ ಏರಿಸಲು ಅರ್ಜಿ ಹಾಕಿ.

ಹುಬ್ಬಳ್ಳಿ_ಮಂದಿ:
ಎಲ್ಲರೂ ಹೌದು ಹೌದು ಅನ್ನುತ್ತಿದ್ದೀರಿ, ನಾನು ಇನ್ನೊಂದು ಮಗ್ಗಲು ಹೇಳುತ್ತೇನೆ ನೋಡ್ರಿ. ನನ್ನದು 40 ಯೂನಿಟ್ ಬ್ಯಾಟರಿಯ ಗಾಡಿ. ಊರೊಳಗೆ, ಹುಬ್ಬಳ್ಳಿ–ಧಾರವಾಡ ಓಡಾಟಕ್ಕೆ ಅಪ್ಪಟ ಬಂಗಾರ. ಆದರೆ ಬೆಂಗಳೂರಿಗೆ 410 ಕಿ.ಮೀ. ಹೋಗಬೇಕೆಂದರೆ ನನಗೆ ಈಗಲೂ ಮನಸ್ಸು ಬರುವುದಿಲ್ಲ.

ಹೋದ ದೀಪಾವಳಿಗೆ ಮನೆಮಂದಿ ಎಲ್ಲಾ ಹೊರಟೆವು. ಹೆದ್ದಾರಿ ಚೆನ್ನಾಗಿದೆ, 100ರ ವೇಗದಲ್ಲಿ ಹೋದೆ. ಅಲ್ಲೇ ತಪ್ಪಾಯಿತು. 80ರಲ್ಲಿ ಯೂನಿಟ್‌ಗೆ 7 ಕಿ.ಮೀ. ಬರುವುದು 100ರಲ್ಲಿ ಐದೂವರೆಗೆ ಇಳಿಯಿತು. ಚಿತ್ರದುರ್ಗದ ಹತ್ತಿರ ನಿಲ್ಲಿಸಿದರೆ ಮುಂದೆ ಮೂರು ಗಾಡಿ. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ. ಮೊದಲಿನವರು ಚಾರ್ಜ್ ಶೇ. 80 ಆದರೂ ಬಿಡಲಿಲ್ಲ, 100 ಆಗಲಿ ಅಂತ ಕುಳಿತರು. 80 ದಾಟಿದ ಮೇಲೆ ಕರೆಂಟ್ ಒಳಗೆ ಹೋಗುವುದು ಬಹಳ ನಿಧಾನ. ಆ ಕೊನೆಯ 20ಕ್ಕೆ ಹಿಡಿಯುವ ಹೊತ್ತಿನಲ್ಲಿ ಇನ್ನೊಬ್ಬರು ಅರ್ಧ ತುಂಬಿಸಿಕೊಂಡು ಹೋಗಬಹುದು. ದಯವಿಟ್ಟು ಹಬ್ಬದ ದಿನ 80ಕ್ಕೆ ಗನ್ ತೆಗೆದು ಜಾಗ ಬಿಡ್ರಿ. ನನ್ನ ತಾಯಿ ಸಕ್ಕರೆ ಕಾಯಿಲೆಯವರು, ಆ ಬಿಸಿಲಿನಲ್ಲಿ ತಗಡಿನ ಚಪ್ಪರದ ಕೆಳಗೆ ಎರಡೂವರೆ ತಾಸು ಕೂತರು. ಅಲ್ಲಿ ಶೌಚಾಲಯವೂ ಇರಲಿಲ್ಲ.

ಈಗ ನಾನು ಏನು ಮಾಡುತ್ತೇನೆ ಅಂದರೆ, ಬೆಂಗಳೂರಿಗೆ ರೈಲು. 2023ರಿಂದ ಧಾರವಾಡ–ಬೆಂಗಳೂರು ವಂದೇ ಭಾರತ್ ಇದೆ. ಗಾಡಿ ಊರಿಗೆ, ರೈಲು ದೂರಕ್ಕೆ. ತಿಪಟೂರು 150 ಅಂದಿದ್ದೀರಿ, ಅದು ಒಂದೇ ಓಟಕ್ಕೆ ಮುಗಿಯುತ್ತದೆ. ನಿಮಗೆ ನನ್ನ ತೊಂದರೆ ಇಲ್ಲ.

ಸಕಲೇಶಪುರ_ತೋಟ:
ಘಟ್ಟದವರೂ ಓದುತ್ತಿರುತ್ತಾರೆ ಅಂತ ನಾಲ್ಕು ಮಾತು. ನಾನು ವಾರಕ್ಕೊಮ್ಮೆ ಶಿರಾಡಿ ಇಳಿದು ಮಂಗಳೂರಿಗೆ ಹೋಗುತ್ತೇನೆ. ಇಳಿಯುವಾಗ ಬ್ರೇಕ್ ಮುಟ್ಟುವುದೇ ಕಡಿಮೆ. ಕಾಲು ತೆಗೆದರೆ ಮೋಟರೇ ಕಾರನ್ನು ಹಿಡಿದುಕೊಳ್ಳುತ್ತದೆ, ಆ ಕರೆಂಟ್ ಬ್ಯಾಟರಿಗೆ ವಾಪಸ್ ಬರುತ್ತದೆ. ಮೊದಲು ಘಟ್ಟ ಇಳಿದು ಗುಂಡ್ಯದಲ್ಲಿ ನಿಲ್ಲಿಸಿದರೆ ಬ್ರೇಕಿನ ಸುಟ್ಟ ವಾಸನೆ ಬರುತ್ತಿತ್ತು. ಈಗ ಇಲ್ಲ.

ಹತ್ತುವ ಲೆಕ್ಕ ಹೀಗೆ. ಒಂದೂವರೆ ಟನ್ ಕಾರನ್ನು 800 ಮೀಟರ್ ಮೇಲೆತ್ತಲು 3 ಯೂನಿಟ್ ಚಿಲ್ಲರೆ ಬೇಕು. ನಷ್ಟ ಸೇರಿ 4 ಅಂದುಕೊಳ್ಳಿ. ಬಯಲಿನಲ್ಲಿ ಅಷ್ಟಕ್ಕೆ 28 ಕಿ.ಮೀ. ಹೋಗಬಹುದು. ಹಾಗಾಗಿ ಮಂಗಳೂರಿನಿಂದ ಹೊರಡುವಾಗ ದೂರಕ್ಕೆ 30 ಕಿ.ಮೀ. ಸೇರಿಸಿಕೊಂಡು ಯೋಚಿಸುತ್ತೇನೆ. ಇವತ್ತಿನವರೆಗೆ ಲೆಕ್ಕ ತಪ್ಪಿಲ್ಲ.

ಒಂದು ಎಚ್ಚರಿಕೆ. ಘಟ್ಟದ ತಲೆಯಲ್ಲಿ ಮನೆ ಇರುವವರು 100 ತುಂಬಿಸಿ ಇಳಿಯಬೇಡಿ. ಬ್ಯಾಟರಿ ತುಂಬಿದ್ದರೆ ವಾಪಸ್ ಬರುವ ಕರೆಂಟಿಗೆ ಜಾಗ ಇರುವುದಿಲ್ಲ, ಮೋಟರ್ ಹಿಡಿತ ಕೊಡುವುದಿಲ್ಲ. ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ನಾನು 85ಕ್ಕೆ ನಿಲ್ಲಿಸುತ್ತೇನೆ.

ದಾವಣಗೆರೆ_ಗೃಹಿಣಿ:
ನಾವೂ ಸಣ್ಣ ಎಲೆಕ್ಟ್ರಿಕ್ ಕಾರು ನೋಡುತ್ತಿದ್ದೇವೆ. ಗೃಹಜ್ಯೋತಿಯಲ್ಲಿ ನಮಗೆ ಸೊನ್ನೆ ಬಿಲ್ ಬರುತ್ತದೆ. ಕಾರು ಬಂದರೆ ಅದು ಹೋಗುತ್ತದಾ?

ವೈರಿಂಗ್_ಕೆಲಸ_ಹಾಸನ:
ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು ಅಕ್ಕ. 200ರ ಒಳಗಿದ್ದು ನಿಮಗೆ ಕೊಟ್ಟಿರುವ ಮಿತಿ ದಾಟಿದರೆ ಹೆಚ್ಚಾದದ್ದಕ್ಕೆ ಮಾತ್ರ. ನಿಮ್ಮ ಮನೆಗೆ 90 ಖರ್ಚಾಗುತ್ತಿದ್ದರೆ 200 ದಾಟದೆ ಕಾರಿಗೆ ಇನ್ನು 100ರಷ್ಟು ಜಾಗ ಇದೆ. ಅಂದರೆ ತಿಂಗಳಿಗೆ 650 ಕಿ.ಮೀ. ಅದಕ್ಕಿಂತ ಜಾಸ್ತಿ ಓಡಿಸುವವರು ‘ಪೂರ್ತಿ ಬಿಲ್ ಬರುತ್ತದೆ’ ಅಂತಲೇ ಲೆಕ್ಕ ಹಾಕಿ. ಶೋರೂಮಿನವರ ಉಳಿತಾಯದ ಚೀಟಿಯಲ್ಲಿ ಇದು ಇರುವುದಿಲ್ಲ.

ಕೆಂಗೇರಿ_ಪಯಣಿಗ:
ಅಣ್ಣ, ಎಷ್ಟು ಧನ್ಯವಾದ ಹೇಳಿದರೂ ಕಡಿಮೆ. ನಿಮ್ಮ ಪೋಸ್ಟನ್ನು ಪ್ರಿಂಟ್ ತೆಗೆದುಕೊಂಡು ನಿನ್ನೆ ಅಸೋಸಿಯೇಷನ್ ಮೀಟಿಂಗ್‌ಗೆ ಹೋಗಿದ್ದೆ.

ಎರಡು ಗಂಟೆ ಮಾತುಕತೆ ನಡೆಯಿತು. ಬೆಂಕಿಯ ಭಯವೇ ದೊಡ್ಡದು. 2022ರಲ್ಲಿ ಸ್ಕೂಟರ್‌ಗಳು ಹೊತ್ತಿ ಉರಿದ ವಿಡಿಯೋಗಳನ್ನು ಎಲ್ಲರೂ ನೋಡಿದ್ದಾರೆ. ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ, ಮೇಲಿನ ಮಹಡಿಗಳಲ್ಲಿ ಮಕ್ಕಳು ಮಲಗುತ್ತಾರೆ. ಆ ಘಟನೆಗಳ ನಂತರ ಸರ್ಕಾರ ಬ್ಯಾಟರಿಯ ಸುರಕ್ಷತಾ ನಿಯಮ ಬಿಗಿ ಮಾಡಿದ್ದನ್ನು ಹೇಳಿದೆ. ಎಲ್‌ಎಫ್‌ಪಿ ಬ್ಯಾಟರಿ ಬೇಗ ಬೆಂಕಿ ಹಿಡಿಯುವ ಜಾತಿಯಲ್ಲ ಅಂತ ಹೇಳಿದೆ. ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಕೇಬಲ್, ಎಂಸಿಬಿ, ಆರ್‌ಸಿಸಿಬಿಯ ಪಟ್ಟಿ. ಎರಡನೇ ಮಹಡಿಯ ನಿವೃತ್ತ ಎಂಜಿನಿಯರ್ ಅಂಕಲ್ ಅದನ್ನು ಎರಡು ಸಲ ಓದಿ, ‘ಹೀಗೆ ಮಾಡಿಸುವುದಾದರೆ ನನ್ನ ಒಪ್ಪಿಗೆ ಇದೆ’ ಅಂದರು. ಜನರೇಟರ್ ಓಡುವಾಗ ಕಾರಿನ ಲೈನ್ ಬಂದ್ ಇರಬೇಕು ಅನ್ನೋ ಶರತ್ತು ಹಾಕಿದರು. ಅದು ನ್ಯಾಯವೇ. ನನ್ನ ಕಾರಿಗೆ 36 ಮನೆಯವರು ಡೀಸೆಲ್ ದುಡ್ಡು ಯಾಕೆ ಕೊಡಬೇಕು?

ಒಪ್ಪಿಗೆ ಪತ್ರ ಸಿಕ್ಕಿತು. ಮೀಟಿಂಗ್ ಮುಗಿದ ಮೇಲೆ ಇನ್ನು ಮೂವರು ಬಂದು ‘ನಮಗೂ ಒಂದು ಲೈನ್ ಎಳೆಸಬೇಕು’ ಅಂತ ಕೇಳಿದರು.

ಉಳ್ಳಾಲ_ಮಳೆಗಾಲ:
ಜೋರು ಮಳೆಯಲ್ಲಿ ಚಾರ್ಜ್ ಮಾಡಬಹುದೇ ಮಾರಾಯ್ರೆ? ನಮ್ಮಲ್ಲಿ ಜೂನ್‌ನಿಂದ ನಾಲ್ಕು ತಿಂಗಳು ಬಿಡುವುದೇ ಇಲ್ಲ.

ಮೈಸೂರು_ಟೀಚರ್:
ಕಾರಿಗೆ ಸಿಕ್ಕಿಸುವ ತುದಿ ಮಳೆಗೆ ತಡೆಯುತ್ತದೆ. ಗೋಡೆಯ ಸಾಕೆಟ್ ಮತ್ತು ಚಾರ್ಜರ್ ಡಬ್ಬಿ ನೆನೆಯದಂತೆ ಮೇಲೊಂದು ಶೀಟ್ ಹಾಕಿಸಿ. ಮಂಡಿಯಷ್ಟು ನಿಂತ ನೀರಿನಲ್ಲಿ ಮಾತ್ರ ಯಾವ ಕಾರನ್ನೂ ಇಳಿಸಬೇಡಿ.

ಕೆಂಗೇರಿ_ಪಯಣಿಗ (ನಾಲ್ಕು ತಿಂಗಳ ನಂತರ):
ತಡವಾಗಿ ಬರೆಯುತ್ತಿದ್ದೇನೆ, ಕ್ಷಮೆ ಇರಲಿ. ಕಾರು ಬಂದು ಮೂರು ತಿಂಗಳಾಯಿತು.

ಹೊಸದು ತಗೊಳ್ಳಲಿಲ್ಲ. ಎರಡು ವರ್ಷ ಓಡಿದ 24 ಯೂನಿಟ್ ಬ್ಯಾಟರಿಯ ಕಾರು ಸಿಕ್ಕಿತು. ಎಲೆಕ್ಟ್ರಿಕ್ ಕಾರಿಗೆ ಮರುಮಾರಾಟದಲ್ಲಿ ಬೆಲೆ ಬೇಗ ಇಳಿಯುತ್ತದೆ. ಮಾರುವವರಿಗೆ ಅದು ಸಂಕಟ, ನನ್ನಂಥ ಕೊಳ್ಳುವವರಿಗೆ ಅನುಕೂಲವಾಯಿತು. ಸರ್ವಿಸ್ ಸೆಂಟರ್‌ನಲ್ಲಿ ಬ್ಯಾಟರಿ ಆರೋಗ್ಯದ ರಿಪೋರ್ಟ್ ತೆಗೆಸಿದೆ. ಎರಡನೇ ಮಾಲೀಕನಿಗೂ ವಾರಂಟಿ ಇದೆ ಅಂತ ಬರವಣಿಗೆಯಲ್ಲಿ ಪಡೆದ ಮೇಲೇ ದುಡ್ಡು ಕೊಟ್ಟೆ. ಸೆಕೆಂಡ್‌ಹ್ಯಾಂಡ್ ನೋಡುವವರು ಈ ಎರಡು ಕಾಗದ ಬಿಡಬೇಡಿ.

ಪಾರ್ಕಿಂಗ್‌ಗೆ ಲೈನ್ ಎಳೆಸಲು 38 ಮೀಟರ್ ಕೇಬಲ್, ಸಬ್ ಮೀಟರ್, ಕೂಲಿ ಎಲ್ಲಾ ಸೇರಿ 27,000 ಆಯಿತು. ಸ್ಯಾಂಕ್ಷನ್ ಲೋಡ್ 5ಕ್ಕೆ ಏರಿಸಿದ್ದಕ್ಕೆ ಬೇರೆ ಕಟ್ಟಿದೆ.

ಮೂರು ತಿಂಗಳಲ್ಲಿ 4,300 ಕಿ.ಮೀ. ಓಡಿದೆ. ಸಬ್ ಮೀಟರ್‌ನಲ್ಲಿ 590 ಯೂನಿಟ್. ಊರಿನಲ್ಲಿ ಮತ್ತು ಹೊರಗೆ ಸೇರಿ ಇನ್ನೊಂದು 45. ಗೃಹಜ್ಯೋತಿ ಹೋಯಿತು. ಮೊದಲು ಸೊನ್ನೆ ಇದ್ದ ಬಿಲ್ ಈಗ ಮನೆ, ಕಾರು ಎರಡೂ ಸೇರಿ 2,700ರ ಹತ್ತಿರ ಬರುತ್ತಿದೆ. ಪೆಟ್ರೋಲ್‌ನ ಒಂಬತ್ತೂವರೆ ಸಾವಿರ ನಿಂತಿದೆ. ತಿಂಗಳಿಗೆ ಸುಮಾರು 6,800 ಉಳಿಯುತ್ತದೆ.

ಹೊರಗಿನ ಫಾಸ್ಟ್ ಚಾರ್ಜರ್ ಬಳಸಿದ್ದು ಮೂರು ತಿಂಗಳಲ್ಲಿ ಒಂದೇ ಸಲ. ಅವತ್ತು ಏರ್‌ಪೋರ್ಟ್ ಅಣ್ಣನ ಮಾತು ನೆನಪಾಯಿತು. ನನ್ನ ಹಿಂದೆ ಮೂರು ಕಾರು ಕಾಯುತ್ತಿದ್ದವು, ಅದರಲ್ಲಿ ಎರಡು ಹಳದಿ ಅಕ್ಷರದವು. ನನಗೆ ಮನೆಯಲ್ಲಿ ಪಾಯಿಂಟ್ ಇದೆ, ಅವರಿಗೆ ಇಲ್ಲ ಅನ್ನಿಸಿ 40 ಆಗುತ್ತಿದ್ದಂತೆ ಗನ್ ತೆಗೆದುಕೊಟ್ಟೆ. ಬೀದಿ ಬದಿ ನಿಲ್ಲುವ ಕಾರುಗಳಿಗೆ ರಾತ್ರಿ ನಿಧಾನವಾಗಿ ತುಂಬಿಕೊಳ್ಳುವ ಪಾಯಿಂಟ್‌ಗಳು ಬರಬೇಕು. ಇದನ್ನು ನಮ್ಮ ವಾರ್ಡಿನ ಸಭೆಯಲ್ಲಿ ಕೇಳಬೇಕು ಅಂತ ಇದ್ದೇನೆ. ಬರುವವರಿದ್ದರೆ ಜೊತೆಯಾಗಿ.

ಊರಿನ ವಿಷಯ. ಅಪ್ಪ ನಾನು ಹೇಳಿದ ಮರುವಾರವೇ ಗುಂಡಿ ತೆಗೆಸಿದ್ದರು, ಬಚ್ಚಲ ಹಿಂದೆ, ಬಾಳೆ ಹತ್ತಿರ. ಇದ್ದಿಲು ತೆಂಗಿನ ಕರಟದ್ದು. ನಾವು ಹೋದ ಮೊದಲ ಸಲ ನಾನು ಕಾರಿನಿಂದ ಇಳಿಯುವುದರೊಳಗೆ ಚಾರ್ಜರ್ ಕೈಗೆ ತಗೊಂಡು ತಾವೇ ಪ್ಲಗ್ ಹಾಕಿದರು. ಹಸಿರು ದೀಪ ಬಂತು. ಅಮ್ಮನನ್ನು ಕರೆದು ತೋರಿಸಿದರು. ಈಗ ನಾವು ಬರುತ್ತೇವೆ ಅಂತ ಫೋನ್ ಮಾಡಿದರೆ ಹಿಂದಿನ ದಿನವೇ ಆ ಗುಂಡಿಗೆ ಒಂದು ಕೊಡ ನೀರು ಹಾಕಿ ಇಡುತ್ತಾರೆ.

ವೈರಿಂಗ್_ಕೆಲಸ_ಹಾಸನ:
ಅಪ್ಪಾಜಿಗೆ ನನ್ನ ನಮಸ್ಕಾರ ತಿಳಿಸಿ ಸರ್. ಮಾರ್ಚ್‌ನಿಂದ ಮೇವರೆಗೆ ಒಂದು ಕೊಡ ಸಾಲದು, ವಾರಕ್ಕೆ ಎರಡು ಹಾಕಲು ಹೇಳಿ. ಅವರಿಗೆ ಎತ್ತುವುದು ಕಷ್ಟವಾದರೆ ಬಚ್ಚಲ ನೀರಿನ ಕಾಲುವೆಯನ್ನೇ ಆ ಕಡೆ ತಿರುಗಿಸಿಬಿಡಿ.